ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದವರು: ಶುಗರ್ ಏರಿತೆಂದು ಬಂದ ಒಬ್ಬ ಹಿರಿಯರ ಪ್ರಕರಣ

ಈ ಪ್ರಕರಣದಲ್ಲಿ ಮರೆವಿನ ದೂರು ಹೊತ್ತು ಯಾರೂ ನನ್ನ ಬಳಿ ಬರಲಿಲ್ಲ. ಬಂದದ್ದು ಶುಗರ್. ಒಂಬತ್ತು ತಿಂಗಳಲ್ಲಿ ಆಕೆ ಮೂರು ಸಲ ಬಂದರು, ಮೂರು ಸಲವೂ ಮಾತ್ರೆಯ ಪ್ರಮಾಣ ಏರಿಸಿ ಕಳಿಸಿದೆ. ನಾಲ್ಕನೆಯ ಸಲ ಅವರನ್ನು ಎತ್ತಿಕೊಂಡು ಬಂದರು.

ರೋಗಿಯ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಬದಲಿಸಿಲ್ಲ.

ಫೈಲಿನಲ್ಲಿ ಇದ್ದದ್ದು

ವಯಸ್ಸು 72. ಪದವೀಧರೆ, ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಪತಿ ತೀರಿಕೊಂಡು ಐದು ವರ್ಷ. ಮಗ, ಸೊಸೆ, ಮೊಮ್ಮಗಳ ಜೊತೆ ವಾಸ. 14 ವರ್ಷದಿಂದ ಡಯಾಬಿಟಿಸ್, 10 ವರ್ಷದಿಂದ ಬಿಪಿ. ಶುಗರ್‌ಗೆ ಮೆಟ್‌ಫಾರ್ಮಿನ್ 1000 ಮಿ.ಗ್ರಾಂ ದಿನಕ್ಕೆರಡು ಸಲ ಮತ್ತು ಗ್ಲಿಮೆಪಿರೈಡ್ 1 ಮಿ.ಗ್ರಾಂ, ಬಿಪಿಗೆ ಟೆಲ್ಮಿಸಾರ್ಟಾನ್ 40, ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್ 10, ಅಂಗಾಲಿನ ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 25. ಈ ಕೊನೆಯ ಮಾತ್ರೆಯನ್ನು ಎರಡು ವರ್ಷದ ಹಿಂದೆ ನಾನೇ ಬರೆದಿದ್ದೆ. ಅದರ ಕಥೆ ಮುಂದೆ ಬರುತ್ತದೆ.

ನಾನು ಕಂಡ ರೋಗಿಗಳಲ್ಲಿ ಅಚ್ಚುಕಟ್ಟಿಗೆ ಹೆಸರಾದವರು ಈಕೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಬರುತ್ತಿದ್ದರು. ಮನೆಯಲ್ಲಿ ನೋಡಿದ ಶುಗರ್ ಅಂಕಿಗಳನ್ನು ಗೆರೆ ಹಾಕಿದ ಹಾಳೆಯಲ್ಲಿ ಬರೆದು ತರುತ್ತಿದ್ದರು, ಕೆಳಗೆ ಸರಾಸರಿ ಕೂಡ. ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ವರ್ಷಗಟ್ಟಲೆ 6.8ರ ಆಸುಪಾಸಿನಲ್ಲೇ ನಿಂತಿತ್ತು.

ಅದು 7.9 ಆಯಿತು. ಗ್ಲಿಮೆಪಿರೈಡ್ 2 ಮಾಡಿದೆ. ಮೂರು ತಿಂಗಳು ಬಿಟ್ಟು 8.6. 3 ಮಾಡಿದೆ. ಮತ್ತೆ ಮೂರು ತಿಂಗಳಿಗೆ 9.2. 4 ಮಾಡಿದೆ. ಪ್ರತಿ ಸಲವೂ "ಮಾತ್ರೆ ಸರಿಯಾಗಿ ತಗೋತಾ ಇದ್ದೀರಾ ಅಮ್ಮಾ?" ಎಂದು ಕೇಳಿದ್ದೇನೆ, ಫೈಲಿನಲ್ಲೂ ಬರೆದಿದ್ದೇನೆ. "ತಗೋತೀನಲ್ಲ ಡಾಕ್ಟ್ರೇ, ನಾನು ಯಾವತ್ತು ತಪ್ಪಿಸಿದ್ದೀನಿ?" ಎನ್ನುವುದು ಉತ್ತರ. ಸುಳ್ಳು ಹೇಳಿದ್ದಲ್ಲ. ತಪ್ಪಿಸಿದ್ದು ಅವರಿಗೆ ನೆನಪಿರಲಿಲ್ಲ. ನೆನಪಿನ ಮೇಲೆ ಅನುಮಾನ ಬರಬೇಕಾದ ಜಾಗದಲ್ಲಿ ಆ ನೆನಪನ್ನೇ ಸಾಕ್ಷಿ ಮಾಡಿಕೊಂಡು ಚೀಟಿ ಬರೆದಿದ್ದೆ.

ಮೂರನೆಯ ಭೇಟಿಯಲ್ಲಿ ಅವರು ಸ್ವಲ್ಪ ಗೊಂದಲದಲ್ಲಿದ್ದ ಹಾಗೆ ಕಂಡಿತು. "ಇವತ್ತು ಯಾವ ವಾರ ಅಮ್ಮಾ?" ಎಂದೆ. "ರಿಟೈರಾದವರಿಗೆ ಎಲ್ಲ ದಿನವೂ ಭಾನುವಾರವೇ ಅಲ್ವಾ ಡಾಕ್ಟ್ರೇ?" ಎಂದು ನಕ್ಕರು. ನಾನೂ ನಕ್ಕೆ. ಹೊರಗೆ ಇನ್ನೂ ಇಪ್ಪತ್ತು ಜನ ಕೂತಿದ್ದರು. ಪ್ರಶ್ನೆಗೆ ಉತ್ತರ ಬರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಎಷ್ಟೋ ವಾರದ ನಂತರ. ಓದಿಕೊಂಡವರು, ಮಾತು ಬಲ್ಲವರು, ಮರೆವಿನ ಶುರುವಿನಲ್ಲಿ ಹೀಗೆಯೇ ಜಾರಿಕೊಳ್ಳುತ್ತಾರೆ. ನಗೆ, ಮರುಪ್ರಶ್ನೆ, ವಿಷಯಾಂತರ. ಹಲವು ಸಲ ಅದು ಬೇಕೆಂದು ಮಾಡುವುದೂ ಅಲ್ಲ.

ಫೈಲಿನಲ್ಲಿ ಇಲ್ಲದ ಒಂದು ಸಂಗತಿ ನಮ್ಮ ಸಿಸ್ಟರಿಗೆ ಗೊತ್ತಿತ್ತು. ಆ ವರ್ಷ ಈಕೆ ಎರಡು ಸಲ ಹೇಳಿದ ದಿನ ಬಂದಿರಲಿಲ್ಲ, ಒಂದು ಸಲ ವಾರ ಮುಂಚೆಯೇ ಬಂದು ಕೂತಿದ್ದರು. ಸಿಸ್ಟರ್ ಸಮಾಧಾನದಿಂದ ವಾಪಸ್ ಕಳಿಸಿದ್ದರು. ಅದನ್ನು ಬರೆದಿಡುವ ಕಾಲಂ ನಮ್ಮ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ.

ಚೀಲದಲ್ಲಿ ಇದ್ದದ್ದು

ನಾಲ್ಕನೆಯ ಸಲ ಬೆಳಗಿನ ಎಂಟು ಗಂಟೆ. ಮೈಯೆಲ್ಲ ಬೆವರು, ಅಸ್ಪಷ್ಟ ಮಾತು, ಮಗನ ತೋಳಿನಲ್ಲಿ ಅರೆಪ್ರಜ್ಞೆ. ಶುಗರ್ 44. ಗ್ಲೂಕೋಸ್ ಡ್ರಿಪ್ ಹಾಕಿದ ಮೇಲೆ ಕಣ್ಣು ಬಿಟ್ಟರು. ಗ್ಲಿಮೆಪಿರೈಡ್‌ನ ಪರಿಣಾಮ ತಾಸುಗಟ್ಟಲೆ ಉಳಿಯುವುದರಿಂದ ಒಂದು ದಿನ ಇಟ್ಟುಕೊಂಡು ನೋಡಿದೆವು.

ಎಚ್‌ಬಿಎ1ಸಿ 9.2 ಇದ್ದವರಿಗೆ ಶುಗರ್ 44ಕ್ಕೆ ಇಳಿದದ್ದು ಹೇಗೆ? ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ, ಖಾಲಿ ಸ್ಟ್ರಿಪ್ ಕೂಡ ಬಿಡಬೇಡಿ ಎಂದು ಮಗನಿಗೆ ಹೇಳಿದೆ. ಮಧ್ಯಾಹ್ನ ಬಟ್ಟೆಯ ಚೀಲವೊಂದು ಬಂತು. ಮೇಜಿನ ಮೇಲೆ ಸುರಿದೆ.

ಗ್ಲಿಮೆಪಿರೈಡ್ 1, 2, 3, 4, ನಾಲ್ಕೂ ಇದ್ದವು. ನಾನು ಪ್ರಮಾಣ ಏರಿಸಿದಾಗಲೆಲ್ಲ ಹಳೆಯ ಸ್ಟ್ರಿಪ್ ಚೀಲದಲ್ಲೇ ಉಳಿದಿತ್ತು. "ಇದನ್ನು ನಿಲ್ಲಿಸಿ, ಇದನ್ನು ಶುರು ಮಾಡಿ" ಎಂದಿದ್ದೆ, ಹಳೆಯದನ್ನು ವಾಪಸ್ ಕೇಳಿರಲಿಲ್ಲ. ಟೆಲ್ಮಿಸಾರ್ಟಾನ್ 90 ಮಾತ್ರೆ ಕೊಟ್ಟು 60 ದಿನವಾಗಿತ್ತು. 30 ಉಳಿದಿರಬೇಕು, 57 ಉಳಿದಿದ್ದವು. ಅರವತ್ತು ದಿನದಲ್ಲಿ ನುಂಗಿದ್ದು 33. ಕೆಲವು ಸ್ಟ್ರಿಪ್‌ಗಳಲ್ಲಿ ಮಾತ್ರೆಗಳನ್ನು ನಡುನಡುವೆ ಕಿತ್ತಿದ್ದರು, ಒಂದು ಕಡೆಯಿಂದ ಸಾಲಾಗಿ ಅಲ್ಲ. ಹಾಳೆಗೆ ಗೆರೆ ಹಾಕಿ ಅಂಕಿ ಬರೆಯುತ್ತಿದ್ದವರ ಚೀಲ ಅದು.

ಲೆಕ್ಕ ಸ್ಪಷ್ಟವಾಯಿತು. ಎಷ್ಟೋ ದಿನ ಮಾತ್ರೆಯೇ ಇಲ್ಲ, ಆದ್ದರಿಂದ ಸರಾಸರಿ ಏರಿತು. ಕೆಲವು ದಿನ ತಗೊಂಡದ್ದು ಮರೆತು ಮತ್ತೆ ತಗೊಂಡರು. ಆ ಬೆಳಿಗ್ಗೆ ಬಹುಶಃ 4ರದ್ದೂ 3ರದ್ದೂ ಒಟ್ಟಿಗೆ ಹೊಟ್ಟೆಗೆ ಹೋಗಿವೆ, ಮೇಲೆ ಏನೂ ತಿಂದಿಲ್ಲ. ನಾನು ಚಿಕಿತ್ಸೆ ಕೊಡುತ್ತಿದ್ದದ್ದು ಏರುತ್ತಿದ್ದ ಡಯಾಬಿಟಿಸ್‌ಗಲ್ಲ, ಇಳಿಯುತ್ತಿದ್ದ ನೆನಪಿಗೆ, ಅದೂ ಗ್ಲಿಮೆಪಿರೈಡ್ ಕೊಟ್ಟು! ಇದು ಬರೀ ಕಾಕತಾಳೀಯವಲ್ಲ. ಡಿಮೆನ್ಷಿಯಾ, ಅಂದರೆ ದಿನನಿತ್ಯದ ಬದುಕನ್ನೇ ಕೆಡಿಸುವ ಮರೆವಿನ ರೋಗ ಇರುವವರಿಗೆ ಶುಗರ್ ಕುಸಿಯುವ ಅಪಾಯ ಹೆಚ್ಚು. ತೀವ್ರವಾಗಿ ಕುಸಿದವರಲ್ಲಿ ಮುಂದೆ ಡಿಮೆನ್ಷಿಯಾ ಹೆಚ್ಚಾಗಿ ಕಾಣುವುದೂ ಅಧ್ಯಯನಗಳಲ್ಲಿ ದಾಖಲಾಗಿದೆ.

ಒಂದೇ ಪ್ರಶ್ನೆಗೆ ಎರಡು ಉತ್ತರ

ಡಿಸ್ಚಾರ್ಜ್ ದಿನ ಸೊಸೆ ಸಿಸ್ಟರ್ ಕೈಗೆ ಮಡಚಿದ ಒಂದು ಚೀಟಿ ಕೊಟ್ಟು ಹೋಗಿದ್ದರು. ಅದರಲ್ಲಿ ಆರು ಸಾಲು. ಒಲೆ ಆರಿಸದೆ ಹೊರಟದ್ದು ಎರಡು ಸಲ. ಕರೆಂಟ್ ಬಿಲ್ ಎರಡೆರಡು ಸಲ ಕಟ್ಟಿದ್ದು. ಮೊಮ್ಮಗಳನ್ನು ನಾದಿನಿಯ ಹೆಸರಿನಿಂದ ಕರೆದದ್ದು. ನಿತ್ಯ ಹೋಗುವ ದಾರಿಯಲ್ಲಿ ತಿರುವು ತಪ್ಪಿದ್ದು. ಒಡವೆ ಕದ್ದಿದ್ದಾರೆ ಎಂದದ್ದು, ಅದು ಆಮೇಲೆ ದಿಂಬಿನ ಚೀಲದೊಳಗೆ ಸಿಕ್ಕಿದ್ದು. ಕೊನೆಯ ಸಾಲು: "ನಾನು ಹೇಳಿದೆ ಅಂತ ಅತ್ತೆಗೆ ಗೊತ್ತಾಗೋದು ಬೇಡ."

ಮನೆಯವರ ಮಾತು ಕೇಳುವುದಕ್ಕೂ ಒಂದು ಕ್ರಮವಿದೆ. ರೋಗಿಯನ್ನು ಬದಿಗೊತ್ತಿ ಬೆನ್ನ ಹಿಂದೆ ಮಾತಾಡಿದರೆ ನಂಬಿಕೆ ಹೋಗುತ್ತದೆ. ಎದುರಿಗೇ ಕೇಳಿದರೆ ಮನೆಯವರ ಬಾಯಿ ಕಟ್ಟುತ್ತದೆ. "ಅಮ್ಮಾ, ಮಾತ್ರೆ ವಿಷಯ ಮನೆಯವರ ಜೊತೆ ಒಬ್ಬೊಬ್ಬರಾಗಿ ಮಾತಾಡ್ತೀನಿ, ಆಗಬಹುದಾ?" ಎಂದು ಒಪ್ಪಿಗೆ ಪಡೆದು ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿದೆ.

ಇಬ್ಬರಿಗೂ ಎಡಿ8 ಎಂಬ ಪ್ರಶ್ನಾವಳಿ ಕೊಟ್ಟೆ. ಎಂಟೇ ಪ್ರಶ್ನೆ, ಮೂರು ನಿಮಿಷದ ಕೆಲಸ. ತೀರ್ಮಾನ ತೆಗೆದುಕೊಳ್ಳುವುದು, ಹೇಳಿದ್ದನ್ನೇ ಹೇಳುವುದು, ಉಪಕರಣ ಬಳಸುವುದು, ಹಣದ ವ್ಯವಹಾರ, ಹೇಳಿದ ದಿನ ನೆನಪಿಡುವುದು ಇಂಥವುಗಳಲ್ಲಿ ಕೆಲವು ವರ್ಷಗಳಿಂದೀಚೆಗೆ ಬದಲಾವಣೆ ಆಗಿದೆಯೇ ಎಂದಷ್ಟೇ ಅದು ಕೇಳುತ್ತದೆ. ಎರಡು ಅಥವಾ ಹೆಚ್ಚು ಹೌದು ಬಂದರೆ ಮುಂದಿನ ತಪಾಸಣೆ ಬೇಕು. ಬದಲಾವಣೆ ಎಂಬ ಆ ಮಾತು ಮುಖ್ಯ. ಹುಟ್ಟಿನಿಂದಲೇ ಬೀಗದ ಕೈ ಮರೆಯುವವರು ಈಗಲೂ ಮರೆತರೆ ಅದಕ್ಕೆ ಅಂಕವಿಲ್ಲ.

ಮಗ ಕೊಟ್ಟದ್ದು 1. ಸೊಸೆ ಕೊಟ್ಟದ್ದು 6.

ಒಂದೇ ಮನೆ, ಒಬ್ಬರೇ ಅಮ್ಮ. ಮಗ ಬೆಳಿಗ್ಗೆ ಹೊರಟರೆ ರಾತ್ರಿ ಮನೆ ಸೇರುವವರು. ಅರ್ಧ ಗಂಟೆಯ ಮಾತುಕತೆಯಲ್ಲಿ ಅಮ್ಮ ಅಮ್ಮನಾಗಿಯೇ ಇರುತ್ತಾರೆ. "ಅರವತ್ತಕ್ಕೆ ಅರಳುಮರಳು ಅಂತಾರಲ್ಲ ಡಾಕ್ಟ್ರೇ, ಎಪ್ಪತ್ತೆರಡಾಯ್ತು" ಎಂದರು. ಆ ಗಾದೆ ನಮ್ಮ ಓಪಿಡಿಯಲ್ಲಿ ಎಷ್ಟು ಜನರ ರೋಗವನ್ನು ಮುಚ್ಚಿಟ್ಟಿದೆಯೋ! ಹೆಸರು ನೆನಪಾಗಲು ತಡವಾಗುವುದು, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸು. ಮೂವತ್ತು ವರ್ಷ ಮಾಡಿದ ಕೆಲಸವೇ ಕೈಬಿಟ್ಟು ಹೋಗುವುದು ವಯಸ್ಸಲ್ಲ.

ಪರೀಕ್ಷೆಯನ್ನು ಅವತ್ತೇ ಮಾಡಲಿಲ್ಲ. ಶುಗರ್ ಕುಸಿದು ಎದ್ದವರ, ಜ್ವರ ಬಂದವರ, ನಿದ್ದೆಗೆಟ್ಟವರ ನೆನಪನ್ನು ಅಳೆದರೆ ಅಳೆದದ್ದು ಆ ದಿನದ ಸುಸ್ತನ್ನು. ಎರಡು ವಾರ ಬಿಟ್ಟು ಕರೆದೆ. ಬಂದ ಕೂಡಲೇ ಮೊದಲು ಕಿವಿ ನೋಡಿದೆ. ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು, ತೆಗೆಸಿದೆ. ಕೇಳಿಸದ ಪದ ನೆನಪಿಗೆ ಬಾರದಿದ್ದರೆ ಅದು ಮರೆವಲ್ಲ. ಓದುವ ಕನ್ನಡಕವನ್ನೂ ಹಾಕಿಸಿದೆ.

ಮೊದಲು ಮಿನಿ-ಕಾಗ್. ಮೂರು ಪದ ಹೇಳಿ, ನಡುವೆ ಗಡಿಯಾರ ಬರೆಸಿ, ಪದಗಳನ್ನು ಮತ್ತೆ ಕೇಳುವುದು. ಒಟ್ಟು 5 ಅಂಕ, 3ಕ್ಕಿಂತ ಕಡಿಮೆಯಾದರೆ ಎಚ್ಚರ. ವೃತ್ತದಲ್ಲಿ ಹನ್ನೆರಡೂ ಅಂಕಿಗಳನ್ನು ನೀಟಾಗಿ ಕೂರಿಸಿದರು, ಲೆಕ್ಕದವರ ಅಂಕಿ. "ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ" ಎಂದಾಗ ಒಂದು ಮುಳ್ಳು ಹನ್ನೊಂದಕ್ಕೆ ಹೋಯಿತು, ಇನ್ನೊಂದು ಹತ್ತಕ್ಕೆ. ಹತ್ತು ನಿಮಿಷವೆಂದರೆ ಮುಳ್ಳು ಎರಡರ ಮೇಲಿರಬೇಕು. ಕಿವಿಗೆ ಬಿದ್ದ ಹತ್ತು ಎಂಬ ಶಬ್ದ ಕೈಯನ್ನು ನೇರ ಹತ್ತರ ಅಂಕಿಗೆ ಎಳೆದೊಯ್ಯುತ್ತದೆ. ಆ ಸೆಳೆತವನ್ನು ತಡೆದು ಅರ್ಥವನ್ನು ಹಿಡಿಯುವುದೇ ಇಲ್ಲಿ ಮೆದುಳಿನ ಕೆಲಸ, ಹನ್ನೊಂದು ಹತ್ತು ಎಂಬ ಹೊತ್ತನ್ನೇ ಕೇಳುವುದು ಅದಕ್ಕಾಗಿ. ಗಡಿಯಾರಕ್ಕೆ ಸೊನ್ನೆ. ಪದ ಒಂದೇ ನೆನಪಾಯಿತು, ಅದೂ ಸೊಸೆಯ ಕಡೆ ತಿರುಗಿ ನೋಡಿದ ಮೇಲೆ. ಪ್ರಶ್ನೆ ಕೇಳಿದ ಕೂಡಲೇ ಪಕ್ಕದವರ ಮುಖ ನೋಡುವ ಆ ಕತ್ತಿನ ತಿರುವು ಯಾವ ಅಂಕಪಟ್ಟಿಯಲ್ಲೂ ಇಲ್ಲ, ಆದರೆ ನಾನೀಗ ಅದನ್ನು ಫೈಲಿನಲ್ಲಿ ಬರೆಯುತ್ತೇನೆ.

ಒಟ್ಟು 1. ಮೋಕಾ ಎಂಬ ಉದ್ದದ ಪರೀಕ್ಷೆಯಲ್ಲಿ 30ಕ್ಕೆ 18. ಅಲ್ಲಿ 26 ಮತ್ತು ಮೇಲಿನದ್ದನ್ನು ಸಾಮಾನ್ಯವೆಂದು ತಿಳಿಯುತ್ತಾರೆ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುವ ನಿಯಮವಿದೆ, ಈಕೆಗೆ ಅದು ಸಲ್ಲದು. ಹಾಗೆ ನೋಡಿದರೆ ಓದೇ ಇಲ್ಲದವರಿಗೆ ಆ ಒಂದು ಅಂಕ ಏನೇನೂ ಸಾಲದು. ಅಕ್ಷರ ಬಾರದವರನ್ನು ಘನಾಕೃತಿ ಬರೆಯಿರಿ ಎಂದು ಕೂರಿಸಿ ರೋಗಿ ಮಾಡಿಬಿಡುವುದು ಸುಲಭ. ಅಂಥ ಕಡೆ ನಾನು ಕಾಗದದ ಪರೀಕ್ಷೆಗಿಂತ ಮನೆಯವರ ಮಾತಿಗೇ ಹೆಚ್ಚು ತೂಕ ಕೊಡುತ್ತೇನೆ.

ಲೆಕ್ಕದ ಪುಸ್ತಕ

ಆ ದಿನ ಮಾತಿನ ನಡುವೆ ಅವರೇ ಹೇಳಿದರು, ಮದುವೆಯಾದಾಗಿನಿಂದ ಮನೆಯ ಖರ್ಚು ಬರೆದಿಟ್ಟಿದ್ದೇನೆ ಎಂದು. ನೋಡಬಹುದಾ ಎಂದೆ. ಮುಂದಿನ ಭೇಟಿಗೆ ಇತ್ತೀಚಿನ ಮೂರು ಪುಸ್ತಕ ತಂದರು.

ಮೂರು ವರ್ಷದ ಹಿಂದಿನದು ನೀಲಿ ಪೆನ್ನು. ತಾರೀಖು, ಬಾಬ್ತು, ಮೊತ್ತ. ಪುಟದ ಕೆಳಗೆ ಮೊತ್ತದ ಅಡಿಯಲ್ಲಿ ಎರಡು ಗೆರೆ. ಎಲ್ಲೂ ತಿದ್ದಿಲ್ಲ. ಎರಡು ವರ್ಷದ ಹಿಂದಿನ ಪುಸ್ತಕದ ನಡುವಿನಿಂದ ಅಂಕಿಗಳ ಮೇಲೆ ಅಂಕಿ ಬರೆದು ದಪ್ಪಗಾದ ಜಾಗಗಳು ಬರುತ್ತವೆ. ಆಮೇಲೆ ಒಂದು ತಿಂಗಳ ಮೊದಲ ತಾರೀಖಿನಿಂದ, ಯಾವ ಸೂಚನೆಯೂ ಇಲ್ಲದೆ, ಬರವಣಿಗೆ ಪೆನ್ಸಿಲಿಗೆ ಬದಲಾಗಿದೆ. ರಬ್ಬರ್ ಉಜ್ಜಿ ಕಾಗದ ತೆಳುವಾಗಿದೆ. ಈ ವರ್ಷದ್ದರಲ್ಲಿ ಒಂದೇ ಬಾಬ್ತು ಮೂರು ಸಲ ಬಂದಿದೆ, ಕೊನೆಯ ನಾಲ್ಕು ತಿಂಗಳ ಪುಟಗಳಲ್ಲಿ ಮೊತ್ತದ ಜಾಗ ಖಾಲಿ. ಎರಡು ಗೆರೆ ಮಾತ್ರ ಎಳೆದಿದ್ದಾರೆ.

ಪೆನ್ಸಿಲ್ ಯಾಕೆ ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದರು. "ತಪ್ಪು ಜಾಸ್ತಿ ಆಗ್ತಾ ಇತ್ತು ಡಾಕ್ಟ್ರೇ. ಪೆನ್ನಲ್ಲಾದ್ರೆ ಕಾಣುತ್ತೆ."

ಅವರಿಗೆ ಗೊತ್ತಿತ್ತು. ನನಗಿಂತ, ಮಗನಿಗಿಂತ, ಸೊಸೆಗಿಂತಲೂ ಒಂದೂವರೆ ವರ್ಷ ಮೊದಲು. ಈ ರೋಗದವರಿಗೆ ತಮ್ಮ ಕೊರತೆಯ ಅರಿವೇ ಇರುವುದಿಲ್ಲ ಎಂದು ನಾವು ಓದಿರುತ್ತೇವೆ. ಮುಂದೆ ಹಾಗಾಗುವುದು ನಿಜ, ಕೆಲವರಿಗೆ ಮೊದಲಿನಿಂದಲೂ ಹಾಗೇ. ಆದರೆ ಬಹಳ ಜನರಿಗೆ ಶುರುವಿನಲ್ಲಿ ಗೊತ್ತಿರುತ್ತದೆ, ಒಬ್ಬರೇ ಅದನ್ನು ಮುಚ್ಚಿಟ್ಟುಕೊಂಡು ಓಡಾಡುತ್ತಿರುತ್ತಾರೆ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದರೋ ಏನೋ. ನಾನು ಕೇಳಿದ್ದು ವಾರ ಯಾವುದು ಎಂದು.

ವಾಪಸ್ ಬರಬಹುದಾದದ್ದು

ಇಲ್ಲಿಂದ ಮುಂದೆ ಮೊದಲ ಕೆಲಸ ರೋಗದ ಹೆಸರು ಹುಡುಕುವುದಲ್ಲ, ಸರಿಹೋಗುವ ಕಾರಣ ಏನಾದರೂ ಇದೆಯೇ ಎಂದು ನೋಡುವುದು. ಥೈರಾಯ್ಡ್, ಬಿ12, ಸೋಡಿಯಂ, ಕ್ಯಾಲ್ಸಿಯಂ, ಮೂತ್ರಪಿಂಡ, ಯಕೃತ್ತು, ರಕ್ತಕಣ. ಖಿನ್ನತೆ ಮರೆವಿನ ವೇಷದಲ್ಲಿ ಬರುವುದುಂಟು, 15 ಪ್ರಶ್ನೆಗಳ ವೃದ್ಧಾಪ್ಯ ಖಿನ್ನತಾ ಪಟ್ಟಿಯಲ್ಲಿ ಅಂಕ 4 ಬಂತು, ಅನುಮಾನಪಡುವಷ್ಟಲ್ಲ. ಈಚೆಗೆ ಬಿದ್ದಿದ್ದಾರಾ ಎಂದು ಕೇಳಿದೆ, ಏಕೆಂದರೆ ತಲೆಗೆ ಸಣ್ಣ ಪೆಟ್ಟಾಗಿ ವಾರಗಳ ಮೇಲೆ ಮೆದುಳಿನ ಹೊದಿಕೆಯಡಿ ರಕ್ತ ನಿಂತು ಹೀಗಾಗುವುದಿದೆ. ಬಿದ್ದಿರಲಿಲ್ಲ. ನಡಿಗೆ ಸರಿಯಿತ್ತು, ಮೂತ್ರದ ಹಿಡಿತ ಸರಿಯಿತ್ತು. ಇಲ್ಲದ ಜನ ಕಾಣುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇರಲಿಲ್ಲ. ಇದ್ದಿದ್ದರೆ ಲ್ಯೂಯಿ ಬಾಡಿ ಎಂಬ ಇನ್ನೊಂದು ಬಗೆಯ ಡಿಮೆನ್ಷಿಯಾದ ಕಡೆ ಯೋಚಿಸಬೇಕಿತ್ತು.

ಸಿಕ್ಕಿದ್ದು ಎರಡು, ಎರಡೂ ನನ್ನದೇ ಚೀಟಿಯಿಂದ ಬಂದವು. ಬಿ12 ಮಟ್ಟ 156 ಪಿಕೋಗ್ರಾಂ, 200 ಆದರೂ ಇರಬೇಕು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಹೀರಿಕೊಳ್ಳುವುದು ಕುಗ್ಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ, ಹದಿನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಎರಡನೆಯದು ಅಮಿಟ್ರಿಪ್ಟಿಲಿನ್. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ಅದು ತಡೆಯುತ್ತದೆ. ಹಿರಿಯರಿಗೆ ಕೊಡದಿರುವುದು ಲೇಸು ಎನ್ನುವ ಬಿಯರ್ಸ್ ಪಟ್ಟಿಯಲ್ಲಿ ಅದರ ಹೆಸರಿದೆ. ನೆಗಡಿಗೆ ತಗೊಳ್ಳುವ ಹಳೆಯ ಕಾಲದ ಅಲರ್ಜಿ ಮಾತ್ರೆಗಳೂ, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಕೂಡ ಇದೇ ಗುಂಪಿನವು. ತಮಾಷೆಯೆಂದರೆ ಅಂಗಾಲಿನ ಉರಿಗೆ ಬಿ12 ಕೊರತೆಯೂ ಕಾರಣವಾಗಿದ್ದಿರಬಹುದು. ಒಂದು ಮಾತ್ರೆ ಮಾಡಿದ ತೊಂದರೆಗೆ ಇನ್ನೊಂದು ಮಾತ್ರೆ ಬರೆದಂತಾಗಿತ್ತು.

ಅಮಿಟ್ರಿಪ್ಟಿಲಿನ್ ಹಂತಹಂತವಾಗಿ ನಿಲ್ಲಿಸಿದೆ. ಬಿ12 ಇಂಜೆಕ್ಷನ್ ಶುರುವಾಯಿತು. ಗ್ಲಿಮೆಪಿರೈಡ್ ಪೂರ್ತಿ ಬಿಡಿಸಿ, ಶುಗರ್ ಕುಸಿತದ ಭಯ ಕಡಿಮೆಯಿರುವ ಸಿಟಾಗ್ಲಿಪ್ಟಿನ್ ಕೊಟ್ಟೆ. ಮರೆವು ಇರುವ ಹಿರಿಯರಲ್ಲಿ ಎಚ್‌ಬಿಎ1ಸಿ 8ರೊಳಗಿದ್ದರೆ ಸಾಕು, 7ರ ಬೆನ್ನು ಹತ್ತಬೇಕಿಲ್ಲ. ಎಲ್ಲ ಮಾತ್ರೆಯೂ ದಿನದ ಎರಡೇ ಹೊತ್ತಿಗೆ, ವಾರದ ಡಬ್ಬಿಯಲ್ಲಿ, ಸೊಸೆ ತುಂಬಿಸಿ ಕೊಡುವಂತೆ.

ಮೂರು ತಿಂಗಳಿಗೆ ಮೋಕಾ ಬೇರೆ ಆವೃತ್ತಿಯಲ್ಲಿ ಮಾಡಿದೆ, ಹಳೆಯ ಪ್ರಶ್ನೆಗಳ ನೆನಪು ಅಂಕ ಕೆಡಿಸಬಾರದಲ್ಲ. 21 ಬಂತು. ಮಗನ ಮುಖದಲ್ಲಿ ಬೆಳಕು. ಮಾತು ಚುರುಕಾಗಿತ್ತು, ಹಗಲಿನ ತೂಕಡಿಕೆ ಹೋಗಿತ್ತು. ಆದರೆ ಲೆಕ್ಕದ ಪುಸ್ತಕದ ಮೊತ್ತ ಖಾಲಿಯೇ ಇತ್ತು. ಮಂಜು ಸರಿದರೂ ಕಂಡ ನೆಲ ಮೊದಲಿನದಾಗಿರಲಿಲ್ಲ.

ನರರೋಗ ತಜ್ಞರಲ್ಲಿಗೆ ಕಳಿಸಿದೆ. ಎಂಆರ್‌ಐನಲ್ಲಿ ನೆನಪಿನ ಕೇಂದ್ರವಾದ ಹಿಪ್ಪೋಕ್ಯಾಂಪಸ್ ಎರಡೂ ಕಡೆ ಕುಗ್ಗಿತ್ತು, ಸಣ್ಣ ರಕ್ತನಾಳಗಳ ಹಾನಿಯ ಕಲೆಗಳೂ ಕೆಲವು ಇದ್ದವು. ಶುರುವಿನ ಹಂತದ ಆಲ್‌ಝೈಮರ್, ರಕ್ತನಾಳದ ಪಾಲೂ ಸೇರಿದೆ ಎಂದು ಬರೆದರು. ಸ್ನಾನ, ಉಡುಗೆ, ಊಟ ಎಲ್ಲ ಸ್ವಂತ. ಹಣ ಮತ್ತು ಮಾತ್ರೆ ಕೈತಪ್ಪಿವೆ. ದಿನನಿತ್ಯದ ಸ್ವಾವಲಂಬನೆ ಉಳಿದಿದ್ದರೆ ಇದನ್ನು ಸೌಮ್ಯ ಅರಿವಿನ ಕುಸಿತ ಎನ್ನುತ್ತಿದ್ದೆವು. ಆ ಗೆರೆ ದಾಟಿಯಾಗಿತ್ತು.

ಹೇಳುವುದು

"ಅಮ್ಮನಿಗೆ ಹೇಳೋದು ಬೇಡ ಡಾಕ್ಟ್ರೇ, ಕುಸಿದು ಹೋಗ್ತಾರೆ" ಎಂದರು ಮಗ. ಪೆನ್ಸಿಲಿನ ವಿಷಯ ಅವರಿಗೆ ಹೇಳಿದೆ. ಆಮೇಲೆ ಆಕೆಯನ್ನೇ ಕೇಳಿದೆ: "ಪರೀಕ್ಷೆಗಳ ಫಲಿತಾಂಶ ಬಂದಿದೆ ಅಮ್ಮಾ. ಎಷ್ಟು ತಿಳಿಯೋಕೆ ಇಷ್ಟ?" "ಇರೋದೆಲ್ಲ" ಎಂದರು. ಹೇಳಿದೆ. ಅತ್ತರು, ಸೊಸೆ ಕೈ ಹಿಡಿದುಕೊಂಡರು. ನಂತರ ಕೇಳಿದ ಮೊದಲ ಪ್ರಶ್ನೆ: "ಒಡವೆ ವಿಷಯದಲ್ಲಿ ನಾನು ಇವಳಿಗೆ ಅಂದಿದ್ದು ಇದರಿಂದಲೇನಾ?"

ಆ ಒಂದು ಪ್ರಶ್ನೆಗೆ ಉತ್ತರ ಸಿಗುವುದಕ್ಕಾದರೂ ರೋಗದ ಹೆಸರು ಬೇಕಿತ್ತು.

ಲಕ್ಷಣವೇ ಇಲ್ಲದ ಎಲ್ಲ ಹಿರಿಯರಿಗೂ ನೆನಪಿನ ಪರೀಕ್ಷೆ ಮಾಡುತ್ತಾ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಅಮೆರಿಕದ ರೋಗತಡೆ ಕಾರ್ಯಪಡೆ 2020ರಲ್ಲಿ ಈ ಪ್ರಶ್ನೆ ಪರಿಶೀಲಿಸಿ, ಲಾಭ ಹೆಚ್ಚೋ ಹಾನಿ ಹೆಚ್ಚೋ ಹೇಳಲು ಪುರಾವೆ ಸಾಲದು ಎಂದಿದೆ. ಸುಮ್ಮನೆ ಹೆದರಿಸಿದಂತಾಗುವ ಅಪಾಯ ಇದ್ದೇ ಇದೆ. ಆದರೆ ಈಕೆ ಲಕ್ಷಣವಿಲ್ಲದವರೇ? ಏರಿದ ಶುಗರ್, ತಪ್ಪಿದ ದಿನ, ಬಾರದ ಉತ್ತರ, ಮೂರೂ ಲಕ್ಷಣಗಳೇ. ನಮ್ಮ ಪುಸ್ತಕದಲ್ಲಿ ಅವು ಬೇರೆ ಬೇರೆ ಅಧ್ಯಾಯಗಳಲ್ಲಿವೆ, ಅಷ್ಟೆ.

ಆಲ್‌ಝೈಮರ್‌ಗೆ ಕೊಡುವ ಡೊನೆಪೆಝಿಲ್ ಶುರುವಾಗುವ ಮುನ್ನ ಇಸಿಜಿ ನೋಡಿದೆವು, ನಾಡಿ ನಿಧಾನವಾಗಿಸುವ ಮಾತ್ರೆ ಅದು. ಗುಣವಾಗುವುದಿಲ್ಲ, ತುಸು ಆಸರೆ ಅಷ್ಟೇ ಎಂದು ಮೊದಲೇ ಹೇಳಿದ್ದೆ. 5 ಮಿ.ಗ್ರಾಂ ರಾತ್ರಿ ಕೊಟ್ಟಾಗ ಕೆಟ್ಟ ಕನಸು ಬಿದ್ದವು, ಬೆಳಿಗ್ಗೆಗೆ ಬದಲಿಸಿದೆವು. 10ಕ್ಕೆ ಏರಿಸಿದಾಗ ಭೇದಿ ಶುರುವಾಗಿ 5ಕ್ಕೇ ಇಳಿಸಿದೆವು. 2023 ಮತ್ತು 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದ ಆಲ್‌ಝೈಮರ್ ಔಷಧಗಳಾದ ಲೆಕನೆಮ್ಯಾಬ್, ಡೊನನೆಮ್ಯಾಬ್ ಬಗ್ಗೆ ಮಗ ಓದಿಕೊಂಡು ಬಂದಿದ್ದರು. ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಸೇರಿಕೊಂಡಿದೆಯೆಂದು ಖಚಿತವಾಗಬೇಕು, ರಕ್ತನಾಳದ ಮೂಲಕ ಮತ್ತೆ ಮತ್ತೆ ಕೊಡಿಸಬೇಕು, ಮೆದುಳಿನಲ್ಲಿ ಊತ ಅಥವಾ ರಕ್ತಸ್ರಾವವಾಗಿದೆಯೇ ಎಂದು ಪದೇಪದೇ ಎಂಆರ್‌ಐ ಮಾಡಿಸಬೇಕು, ಸಿಗುವ ಲಾಭ ರೋಗದ ವೇಗ ಸ್ವಲ್ಪ ತಗ್ಗುವುದಷ್ಟೇ ಎಂದು ತಜ್ಞರು ವಿವರಿಸಿದರು. ಆಕೆ ಬೇಡವೆಂದರು. ನಿರ್ಧಾರ ಅವರದು, ಅದನ್ನು ತೆಗೆದುಕೊಳ್ಳುವ ಶಕ್ತಿ ಇನ್ನೂ ಇದ್ದಾಗಲೇ ತೆಗೆದುಕೊಂಡರು. ಬ್ಯಾಂಕ್ ಖಾತೆ, ವಿಲ್, ಮುಂದೆ ತಮ್ಮ ಪರವಾಗಿ ಯಾರು ಮಾತಾಡಬೇಕು ಎನ್ನುವುದನ್ನೂ ಮುಂದಿನ ಎರಡು ತಿಂಗಳಲ್ಲೇ ಮುಗಿಸಿದರು.

ಈಗ

ಒಂದು ವರ್ಷದ ಮೇಲಿನ ಮಾತು. ಮೋಕಾ 19. ಎಚ್‌ಬಿಎ1ಸಿ 7.6. ಶುಗರ್ ಮತ್ತೆ ಕುಸಿದಿಲ್ಲ. ಪುಸ್ತಕವನ್ನು ಸೊಸೆ ಬರೆಯುತ್ತಾರೆ, ಅತ್ತೆ ಪಕ್ಕದಲ್ಲಿ ಕೂತು ಪ್ರತಿ ಬಾಬ್ತಿಗೂ ಟಿಕ್ ಹಾಕುತ್ತಾರೆ. ಕೆಲವು ದಿನ ಎರಡೆರಡು ಟಿಕ್ ಬೀಳುತ್ತವೆ.

ನಮ್ಮಲ್ಲಿ ಆದ ಬದಲಾವಣೆ ಸಣ್ಣದು. ಅರವತ್ತೈದು ದಾಟಿದವರ ಶುಗರ್ ಅಥವಾ ಬಿಪಿ ಕಾರಣವಿಲ್ಲದೆ ಏರಿದರೆ, ಪ್ರಮಾಣ ಏರಿಸುವ ಮುಂಚೆ ಸಿಸ್ಟರ್ ಮಾತ್ರೆ ಎಣಿಸುತ್ತಾರೆ. ಪ್ರಮಾಣ ಬದಲಾದರೆ ಹಳೆಯ ಸ್ಟ್ರಿಪ್ ವಾಪಸ್ ತಗೊಳ್ಳುತ್ತಾರೆ. ಹೇಳಿದ ದಿನ ಬಾರದವರನ್ನು ಬರೆದಿಡಲು ರಿಜಿಸ್ಟರಿನಲ್ಲಿ ಕೈಯಿಂದ ಗೆರೆ ಎಳೆದು ಒಂದು ಕಾಲಂ ಮಾಡಿದ್ದಾರೆ.

ಕಿವಿಯ ಯಂತ್ರದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಶ್ರವಣ ಪರೀಕ್ಷೆಯಲ್ಲಿ ಎರಡೂ ಕಿವಿಯಲ್ಲಿ ಮಧ್ಯಮ ಕೊರತೆ ಕಂಡಿತ್ತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾಕ್ಕೆ ದಾರಿಯಾಗುವ, ನಾವು ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವುಡೂ ಒಂದು, ಆದ್ದರಿಂದ ನಾನು ಬಿಡದೆ ಹೇಳುತ್ತಿದ್ದೇನೆ. ಎರಡು ಸಲ ಹಾಕಿ ತೆಗೆದಿಟ್ಟಿದ್ದಾರೆ. ಒಂದು ಸಲ ಅದು ಕಳೆದುಹೋಯಿತೆಂದು ಮನೆಯೆಲ್ಲ ಹುಡುಕಾಟ. ಸೊಸೆ ನೇರ ಹೋಗಿ ದಿಂಬಿನ ಚೀಲದೊಳಗೆ ಕೈ ಹಾಕಿದರಂತೆ. ಮುಂದಿನ ಭೇಟಿ ಮೂರು ತಿಂಗಳಿಗೆ, ಹಿಂದಿನ ದಿನ ಸಿಸ್ಟರ್ ಫೋನ್ ಮಾಡುತ್ತಾರೆ.